ನಡುವಿನ ಶ್ರೇಣಿಯ ಖಾಸಗಿ ವಿಶ್ವವಿದ್ಯಾಲಯ: ಹೆಸರಿನ ಹಿಂದೆ ಎಷ್ಟು ಹುರುಳಿದೆ ಎಂದು ನೋಡುವ ಬಗೆ

ಪಿಯುಸಿ ಪರೀಕ್ಷೆ ಮುಗಿಯುವ ಹೊತ್ತಿಗೆ ಶಿರಸಿಯ ಐದು ರಸ್ತೆಯಿಂದ ಕುಮಟೆಯ ಗಿಬ್ ಸರ್ಕಲ್‌ವರೆಗೆ ಖಾಸಗಿ ವಿಶ್ವವಿದ್ಯಾಲಯಗಳ ಫ್ಲೆಕ್ಸುಗಳು ಏಳುತ್ತವೆ. ತೀರಾ ಮೇಲಿನ ನಾಲ್ಕಾರು ಸಂಸ್ಥೆಗಳ ಬಗ್ಗೆ ಯಾರಿಗೂ ಅನುಮಾನ ಇರುವುದಿಲ್ಲ. ತೀರಾ ಕೆಳಗಿನವುಗಳ ಕಥೆಯೂ ಊರಿಗೆಲ್ಲ ಗೊತ್ತಿರುತ್ತದೆ. ತೊಡಕು ನಡುವಿನವುಗಳದ್ದು: ಕೇಂದ್ರ ಸರ್ಕಾರ ಹೊರಡಿಸುವ ಎನ್‌ಐಆರ್‌ಎಫ್ ರ‍್ಯಾಂಕ್ ಪಟ್ಟಿಯಲ್ಲಿ 80ರಿಂದ 200ರ ಆಸುಪಾಸು, ಸಂಸ್ಥೆಗಳ ಗುಣಮಟ್ಟಕ್ಕೆ ದರ್ಜೆ ಕೊಡುವ ನ್ಯಾಕ್‌ನಲ್ಲಿ ಎ ಅಥವಾ ಎ ಪ್ಲಸ್, ಶುಲ್ಕ ಮಾತ್ರ ಮೇಲಿನವರಿಗೆ ಸರಿಸಮ. ಇಂಥ ಕಡೆ ಇಡೀ ವಿಶ್ವವಿದ್ಯಾಲಯಕ್ಕೆ ಒಂದೇ ಹೆಸರು ಅಂತ ಇರುವುದಿಲ್ಲ, ವಿಭಾಗಕ್ಕೊಂದು ಹೆಸರು. ಒಂದೇ ಗೇಟಿನೊಳಗೆ ಗಟ್ಟಿಯಾದ ಎಲೆಕ್ಟ್ರಾನಿಕ್ಸ್ ವಿಭಾಗವೂ ಎರಡು ವರ್ಷದ ಹಿಂದೆ ಅವಸರದಲ್ಲಿ ತೆರೆದ ಡೇಟಾ ಸೈನ್ಸ್ ವಿಭಾಗವೂ ಇರುತ್ತವೆ. ಆದ್ದರಿಂದ ನೋಡಬೇಕಾದ್ದು ನಿಮ್ಮ ಮಗಳೋ ಮಗನೋ ಸೇರುವ ವಿಭಾಗವನ್ನು. ಅದಕ್ಕೆ ಬೇಕಾದ ಮಾಹಿತಿ ಬಹುಪಾಲು ಬಹಿರಂಗವಾಗಿಯೇ ಇದೆ. ಎರಡು ಸಂಜೆ, ಒಂದು ನೋಟ್‌ಬುಕ್, ಕೊನೆಗೆ ಒಂದು ರಾತ್ರಿ ಪ್ರಯಾಣ, ಇಷ್ಟು ತೆಗೆದಿಟ್ಟುಕೊಳ್ಳಿ.

ಮೊದಲು ಮಾನ್ಯತೆ

ಇದು ಹತ್ತು ನಿಮಿಷದ ಕೆಲಸ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಜಾಲತಾಣದಲ್ಲಿ ರಾಜ್ಯವಾರು ಖಾಸಗಿ ವಿಶ್ವವಿದ್ಯಾಲಯಗಳ ಪಟ್ಟಿ, ಡೀಮ್ಡ್ ಸಂಸ್ಥೆಗಳ ಪಟ್ಟಿ, ನಕಲಿ ವಿಶ್ವವಿದ್ಯಾಲಯಗಳ ಪಟ್ಟಿ ಮೂರೂ ಇವೆ. ಯುಜಿಸಿ ಮಾನ್ಯತೆ ಇದ್ದ ಮಾತ್ರಕ್ಕೆ ಎಲ್ಲ ಕೋರ್ಸೂ ನಡೆಯುತ್ತದೆ ಎಂದುಕೊಳ್ಳಬೇಡಿ. ಕಾನೂನಿಗೆ ಬಾರ್ ಕೌನ್ಸಿಲ್, ಫಾರ್ಮಸಿಗೆ ಫಾರ್ಮಸಿ ಕೌನ್ಸಿಲ್, ಆರ್ಕಿಟೆಕ್ಚರ್‌ಗೆ ಆರ್ಕಿಟೆಕ್ಚರ್ ಕೌನ್ಸಿಲ್, ನರ್ಸಿಂಗ್‌ಗೆ ನರ್ಸಿಂಗ್ ಕೌನ್ಸಿಲ್ ಒಪ್ಪಿಗೆ ಬೇರೆಯೇ ಬೇಕು, ಅದೂ ನೀವು ಸೇರುವ ವರ್ಷಕ್ಕೆ. ಹೊರರಾಜ್ಯದ ಖಾಸಗಿ ವಿಶ್ವವಿದ್ಯಾಲಯವೊಂದು ಹುಬ್ಬಳ್ಳಿಯಲ್ಲೋ ಬೆಂಗಳೂರಲ್ಲೋ 'ಸ್ಟಡಿ ಸೆಂಟರ್' ಇಟ್ಟು ತರಗತಿ ನಡೆಸುತ್ತೇವೆ ಅಂದರೆ ಅಲ್ಲಿಗೇ ಮಾತು ನಿಲ್ಲಿಸಿ. ಒಂದು ರಾಜ್ಯದ ಶಾಸನಸಭೆ ಮಾಡಿದ ಕಾಯಿದೆಯ ಬಲ ಆ ರಾಜ್ಯದ ಗಡಿಯೊಳಗೆ ಮಾತ್ರ. ಛತ್ತೀಸ್‌ಗಢದ ಖಾಸಗಿ ವಿಶ್ವವಿದ್ಯಾಲಯಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2005ರಲ್ಲೇ ಇದನ್ನು ಸ್ಪಷ್ಟಪಡಿಸಿದೆ.

ರ‍್ಯಾಂಕ್ ಬಿಡಿ, ಅದರ ಹಿಂದಿನ ಕಡತ ತೆಗೆಯಿರಿ

ಎನ್‌ಐಆರ್‌ಎಫ್ ಪಟ್ಟಿ 2016ರಿಂದ ಬರುತ್ತಿದೆ. ನೂರು ಅಂಕದಲ್ಲಿ ಬೋಧನೆ ಮತ್ತು ಸೌಕರ್ಯಕ್ಕೆ 30, ಸಂಶೋಧನೆಗೆ 30, ಪದವಿ ಮುಗಿಸಿದವರ ಫಲಿತಾಂಶಕ್ಕೆ 20, ಒಳಗೊಳ್ಳುವಿಕೆಗೆ 10, ಜನಾಭಿಪ್ರಾಯಕ್ಕೆ 10. ಬಿಇ ಓದಲು ಹೋಗುವ ಹುಡುಗನಿಗೆ ಆ 30 ಅಂಕದ ಸಂಶೋಧನೆಯಿಂದ ನೇರವಾಗಿ ದಕ್ಕುವುದು ಕಡಿಮೆ. ಆದರೆ ಪ್ರಬಂಧಗಳ ಸಂಖ್ಯೆ ಏರಿಸಿಯೇ ಒಂದು ಸಂಸ್ಥೆ ಮೇಲೆ ಹೋಗಬಹುದು. ಪಟ್ಟಿಯ ನಡುಭಾಗದಲ್ಲಿ ಒಂದೆರಡು ಅಂಕದ ಅಂತರಕ್ಕೇ ಐದು, ಹತ್ತು ಸ್ಥಾನ ಹೆಚ್ಚುಕಡಿಮೆ ಆಗುತ್ತದೆ. ಹೀಗಿರುವಾಗ 85ನೆಯದು 95ನೆಯದಕ್ಕಿಂತ ಒಳ್ಳೆಯದು ಎಂಬ ವಾದದಲ್ಲಿ ಅರ್ಥವಿಲ್ಲ. 'ನಮ್ಮದು 48ನೇ ರ‍್ಯಾಂಕ್' ಅಂದರೆ ಯಾವ ವಿಭಾಗದಲ್ಲಿ ಎಂದು ಕೇಳಿ. ಫಾರ್ಮಸಿಯಲ್ಲಿ ಬಂದ ಸ್ಥಾನವನ್ನು ಎಂಜಿನಿಯರಿಂಗ್ ಫ್ಲೆಕ್ಸಿನಲ್ಲಿ ದೊಡ್ಡ ಅಕ್ಷರದಲ್ಲಿ ಹಾಕಿದರೆ ಓದುವವರು ಮೋಸ ಹೋಗುತ್ತಾರೆ.

ನಿಜವಾದ ಸರಕು ಇರುವುದು ಸಂಸ್ಥೆಯೇ ಎನ್‌ಐಆರ್‌ಎಫ್‌ಗೆ ಕೊಟ್ಟ ಪಿಡಿಎಫ್‌ನಲ್ಲಿ. ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಎನ್‌ಐಆರ್‌ಎಫ್ ಎಂಬ ಕೊಂಡಿಯಡಿ ಸಿಗುತ್ತದೆ. ಅದರಲ್ಲಿ 'ಪ್ಲೇಸ್‌ಮೆಂಟ್ ಅಂಡ್ ಹೈಯರ್ ಸ್ಟಡೀಸ್' ಕೋಷ್ಟಕದ ನಾಲ್ಕು ವರ್ಷದ ಯುಜಿ (ಪದವಿ) ಸಾಲನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳಿ. ಲೆಕ್ಕ ಹೇಗೆ ಅನ್ನುವುದಕ್ಕೆ ಕಲ್ಪಿತ ಅಂಕಿಗಳನ್ನೇ ಹಿಡಿಯೋಣ: ಮಂಜೂರಾದ ಸೀಟು 720, ಸೇರಿದವರು 600, ಡಿಪ್ಲೊಮಾ ಮುಗಿಸಿ ಎರಡನೇ ವರ್ಷಕ್ಕೆ ಬಂದವರು 40, ನಿಗದಿತ ಅವಧಿಯಲ್ಲೇ ಪಾಸಾದವರು 420, ಕೆಲಸ ಸಿಕ್ಕವರು 260, ಮುಂದಿನ ಓದಿಗೆ ಹೋದವರು 30, ಮೀಡಿಯನ್ ಸಂಬಳ ನಾಲ್ಕೂವರೆ ಲಕ್ಷ.

ಮೊದಲ ಪ್ರಶ್ನೆ, 120 ಸೀಟು ಏಕೆ ಖಾಲಿ? ಎರಡನೆಯದು, ಒಳಗೆ ಬಂದ 640 ಜನರಲ್ಲಿ ಸಮಯಕ್ಕೆ ಹೊರಬಿದ್ದವರು 420, ಅಂದರೆ ಶೇ 66. ಉಳಿದ ಮೂರನೇ ಒಂದು ಪಾಲು ಬ್ಯಾಕ್‌ಲಾಗ್‌ನಲ್ಲಿ ಸಿಕ್ಕಿಕೊಂಡಿದೆ ಅಥವಾ ಬಿಟ್ಟುಹೋಗಿದೆ. ಕೆಲಸ ಸಿಕ್ಕ 260 ಮಂದಿ ಆ 640ರ ಶೇ 41 ಮಾತ್ರ, ಮುಂದೆ ಓದಲು ಹೋದವರನ್ನು ಸೇರಿಸಿದರೂ ಶೇ 45. ಇದೇ ಸಂಸ್ಥೆಯ ಕರಪತ್ರದಲ್ಲಿ 'ಶೇ 93 ಪ್ಲೇಸ್‌ಮೆಂಟ್' ಎಂದು ಇರಬಹುದು, ಅದೂ ಸುಳ್ಳಲ್ಲ! ಬ್ಯಾಕ್‌ಲಾಗ್ ಇಲ್ಲದೆ, ಶೇ 60 ದಾಟಿ, ಪ್ಲೇಸ್‌ಮೆಂಟ್ ಕಚೇರಿಯಲ್ಲಿ ಹೆಸರು ನೋಂದಾಯಿಸಿದವರು 280 ಮಂದಿ ಎಂದು ಹಿಡಿದರೆ 260 ಭಾಗಿಸು 280 ಅಷ್ಟೇ ಆಗುತ್ತದೆ. ಕೆಳಗಿನ ಅಂಕಿ ಬದಲಾದರೆ ಶೇಕಡಾವಾರು ಬದಲಾಗುತ್ತದೆ, ಉಳಿದದ್ದೆಲ್ಲ ಮಾತಿನ ಚಮತ್ಕಾರ. ಇನ್ನು ಮೀಡಿಯನ್ ಎಂದರೆ ಕೆಲಸ ಸಿಕ್ಕವರಲ್ಲಿ ಅರ್ಧ ಜನಕ್ಕೆ ಅದಕ್ಕಿಂತ ಕಡಿಮೆ. ವರ್ಷಕ್ಕೆ ನಾಲ್ಕೂವರೆ ಲಕ್ಷ ಅಂದರೆ ತಿಂಗಳಿಗೆ 37,500, ಪಿಎಫ್ ಮುಂತಾದ ಕಡಿತಕ್ಕೆ ಮುಂಚೆ. ಬೆಂಗಳೂರಿನ ಬಾಡಿಗೆ, ಊಟ, ಸಾಲದ ಕಂತು ಇದರಲ್ಲೇ ಹೊರಡಬೇಕು.

ಮೂರು ವರ್ಷದ ಕಡತ ತೆಗೆದು ಪಕ್ಕಪಕ್ಕ ಬರೆದುಕೊಳ್ಳಿ. ಒಂದು ವರ್ಷ ಏರುಪೇರಾಗಿದ್ದರೆ ಗಾಬರಿ ಬೇಡ. ಮೂರೂ ವರ್ಷ ಸಮಯಕ್ಕೆ ಮುಗಿಸಿದವರ ಪ್ರಮಾಣ ಇಳಿಯುತ್ತಿದ್ದರೆ ಅಲ್ಲಿ ಏನೋ ಕೆಟ್ಟಿದೆ. ಅದೇ ಕಡತದಲ್ಲಿ ಸಂಸ್ಥೆಯ ಸ್ವಂತ ಹಣದಿಂದ ಪೂರ್ತಿ ಬೋಧನಾ ಶುಲ್ಕ ಮರುಪಾವತಿ ಪಡೆದ ವಿದ್ಯಾರ್ಥಿಗಳೆಷ್ಟು ಎಂಬ ಅಂಕಣವೂ ಇದೆ. 'ನೂರು ಪರ್ಸೆಂಟ್ ಸ್ಕಾಲರ್‌ಶಿಪ್' ಎನ್ನುವವರ ಅಂಕಣದಲ್ಲಿ ಸೊನ್ನೆ ಇದ್ದರೆ ಉತ್ತರ ಸಿಕ್ಕಿತು. ಒಂದು ಮಿತಿ ನೆನಪಿಡಿ: ಈ ಸಾಲಿನಲ್ಲಿ ಎಲ್ಲ ಬ್ರ್ಯಾಂಚ್‌ಗಳೂ ಒಟ್ಟಾಗಿರುತ್ತವೆ. ಬ್ರ್ಯಾಂಚ್ ಬಿಡಿಸಿ ನೋಡಲು ಬೇರೆ ದಾರಿ ಬೇಕು.

ಕೊನೆಯ ಸೀಟು ಯಾವ ರ‍್ಯಾಂಕಿಗೆ ಹೋಯಿತು

ಆ ದಾರಿ ರಾಜ್ಯದ ಪರೀಕ್ಷಾ ಪ್ರಾಧಿಕಾರ ಕೆಇಎ ಪ್ರಕಟಿಸುವ ಸಿಇಟಿ ಕಟಾಫ್ ಪಟ್ಟಿ. ಖಾಸಗಿ ವಿಶ್ವವಿದ್ಯಾಲಯಗಳು ಕೆಇಎಗೆ ಬಿಟ್ಟುಕೊಡುವ ಸೀಟುಗಳೂ ಅದರಲ್ಲಿ ಬರುತ್ತವೆ. ನಮಗೆ ಗೊತ್ತಿರುವ ಅಳತೆಗೋಲುಗಳಲ್ಲಿ ಇದು ಹೆಚ್ಚು ಪ್ರಾಮಾಣಿಕ, ಏಕೆಂದರೆ ಇಲ್ಲಿ ಸಾವಿರಾರು ಮನೆಗಳು ತಮ್ಮ ಮಕ್ಕಳ ಸೀಟನ್ನೇ ಪಣವಿಟ್ಟು ಮತ ಹಾಕಿರುತ್ತವೆ. ಹೋಲಿಸುವಾಗ ಎಲ್ಲ ಕಡೆಯೂ ಜಿಎಂ (ಜನರಲ್ ಮೆರಿಟ್) ಅಂಕಣವನ್ನೇ, ಒಂದೇ ಸುತ್ತಿನದನ್ನೇ ತೆಗೆದುಕೊಳ್ಳಿ. ನಿಮ್ಮ ಮಗುವಿಗೆ ಸೀಟು ಸಿಕ್ಕೀತೇ ಎಂದು ನೋಡುವಾಗ ಮಾತ್ರ ನಿಮ್ಮ ವರ್ಗದ ಅಂಕಣಕ್ಕೆ ಹೋಗಿ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಮಕ್ಕಳಲ್ಲಿ ಬಹಳ ಜನಕ್ಕೆ ಗ್ರಾಮೀಣ, ಕನ್ನಡ ಮಾಧ್ಯಮದ ಮೀಸಲಾತಿ ಅನ್ವಯಿಸುತ್ತದೆ. 'ಆರ್', 'ಕೆ' ಎಂದು ಮುಗಿಯುವ ಅಂಕಣಗಳನ್ನು ಗಮನಿಸದೆ ಎಷ್ಟೋ ಮನೆಯವರು 'ನಮಗೆ ಸಿಗೋದಿಲ್ಲ' ಎಂದು ಮ್ಯಾನೇಜ್‌ಮೆಂಟ್ ಸೀಟಿಗೆ ದುಡ್ಡು ಸುರಿಯುತ್ತಾರೆ. ಸಂಕಟದ ಸಂಗತಿ ಇದು.

ಕಂಪ್ಯೂಟರ್ ಸೈನ್ಸ್ ಕಟಾಫ್ ನೋಡಿ ಮರುಳಾಗಬೇಡಿ, ಆ ಸೀಟು ಎಲ್ಲಿಟ್ಟರೂ ತುಂಬುತ್ತದೆ. ಒಂದು ಸಂಸ್ಥೆಯ ಮೇಲೆ ಜನ ಇಟ್ಟ ನಂಬಿಕೆ ಕಾಣುವುದು ಜನ ಮುಗಿಬೀಳದ ಬ್ರ್ಯಾಂಚ್‌ಗಳಲ್ಲಿ. ಎಲೆಕ್ಟ್ರಿಕಲ್, ಮೆಕ್ಯಾನಿಕಲ್, ಸಿವಿಲ್ ಸೀಟುಗಳು ಕೊನೆಯ ಸುತ್ತಿಗೆ ಮುಂಚೆಯೇ ಸಮಾಧಾನಕರ ರ‍್ಯಾಂಕಿನಲ್ಲಿ ಮುಗಿದಿದ್ದರೆ ಆ ಕ್ಯಾಂಪಸ್ಸಿಗೆ ಜನ ಪಾಠಕ್ಕಾಗಿ ಹೋಗುತ್ತಿದ್ದಾರೆ ಎಂದರ್ಥ. ಕಂಪ್ಯೂಟರ್ ಮಾತ್ರ ತುಂಬಿ ಉಳಿದದ್ದು ಬಿಕೋ ಎನ್ನುತ್ತಿದ್ದರೆ ಜನ ಕೊಂಡದ್ದು ಬ್ರ್ಯಾಂಚನ್ನೇ ಹೊರತು ಸಂಸ್ಥೆಯನ್ನಲ್ಲ.

ಇಲ್ಲಿ ಎರಡು ಕಡೆ ಲೆಕ್ಕ ತಪ್ಪುತ್ತದೆ. ಶುಲ್ಕ ಹೆಚ್ಚಿದ್ದ ಕಡೆ ಪಾಠ ಚೆನ್ನಾಗಿದ್ದರೂ ಕಟಾಫ್ ಕೆಳಗಿರುತ್ತದೆ, ಹಾಗಾಗಿ ಸುಮಾರು ಒಂದೇ ಶುಲ್ಕದ ಸಂಸ್ಥೆಗಳನ್ನು ಒಟ್ಟಿಗೆ ಇಟ್ಟು ನೋಡಿ. ಎರಡನೆಯದು ಸೀಟುಗಳ ಸಂಖ್ಯೆ. 2024-25ರಿಂದ ತಾಂತ್ರಿಕ ಶಿಕ್ಷಣದ ನಿಯಂತ್ರಣ ಸಂಸ್ಥೆ ಎಐಸಿಟಿಇ ಒಂದು ಬ್ರ್ಯಾಂಚಿಗೆ ಇಷ್ಟೇ ಸೀಟು ಎಂಬ ಮೇಲ್ಮಿತಿ ತೆಗೆದಿದೆ. 180 ಇದ್ದದ್ದು 480 ಆದರೆ ಕಟಾಫ್ ಕುಸಿಯುವುದು ಸಹಜ. ಆಗ ಕೇಳಬೇಕಾದ್ದು, ಶಿಕ್ಷಕರೂ ಅದೇ ಪ್ರಮಾಣದಲ್ಲಿ ಹೆಚ್ಚಿದ್ದಾರೆಯೇ ಎಂದು.

ಕಾರವಾರ ಮಾಜಾಳಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನ ಅದೇ ಬ್ರ್ಯಾಂಚಿನ ಕಟಾಫನ್ನೂ ಶುಲ್ಕವನ್ನೂ ಪಕ್ಕದ ಅಂಕಣದಲ್ಲಿ ಬರೆದುಕೊಳ್ಳುವುದು ಒಳ್ಳೆಯದು. ಹತ್ತು ಲಕ್ಷ ಹೆಚ್ಚು ಕೊಟ್ಟು ಘಟ್ಟ ಹತ್ತುವುದರಿಂದ ಏನು ಹೆಚ್ಚು ಸಿಗುತ್ತದೆ ಎಂಬ ಪ್ರಶ್ನೆ ಕಣ್ಣೆದುರಿಗೇ ಇರುತ್ತದೆ.

ನ್ಯಾಕ್, ಎನ್‌ಬಿಎ, ನಕ್ಷತ್ರಗಳು

ನ್ಯಾಕ್ ದರ್ಜೆ ಇಡೀ ಸಂಸ್ಥೆಗೆ ಕೊಡುವುದು: ನಾಲ್ಕು ಅಂಕದಲ್ಲಿ 3.51ರಿಂದ ಎ ಪ್ಲಸ್ ಪ್ಲಸ್, 3.26ರಿಂದ ಎ ಪ್ಲಸ್, 3.01ರಿಂದ ಎ. ಸಾಮಾನ್ಯವಾಗಿ ಐದು ವರ್ಷ ಊರ್ಜಿತ, ಪ್ರಮಾಣಪತ್ರದ ಮೇಲಿನ ದಿನಾಂಕ ನೋಡಿ. ಇದನ್ನೊಂದೇ ನಂಬಿ ನಿರ್ಧರಿಸಬೇಡಿ. 2025ರ ಫೆಬ್ರವರಿಯಲ್ಲಿ ಸಿಬಿಐ ನ್ಯಾಕ್ ಪರಿಶೀಲನಾ ತಂಡದವರನ್ನೇ ಲಂಚದ ಆರೋಪದಲ್ಲಿ ಬಂಧಿಸಿತ್ತು. ಎನ್‌ಬಿಎ ಎಂಬ ಇನ್ನೊಂದು ಸಂಸ್ಥೆ ಮಾನ್ಯತೆ ಕೊಡುವುದು ಕೋರ್ಸಿಗೆ, ಮೂರು ಇಲ್ಲವೇ ಆರು ವರ್ಷಕ್ಕೆ. ಆರು ವರ್ಷದ್ದಾದರೆ ವಿಭಾಗ ಗಟ್ಟಿ ಇದೆ ಎಂದು ಹೇಳಬಹುದು. ವಿದೇಶದಲ್ಲಿ ಎಂಜಿನಿಯರ್ ಆಗಿ ನೋಂದಣಿ ಬೇಕೆನ್ನುವವರು ಅದು ಟಿಯರ್-1 ಮಾನ್ಯತೆಯೇ ಎಂದು ಕೇಳಿ, ಎಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಒಪ್ಪುವ ವಾಷಿಂಗ್ಟನ್ ಒಪ್ಪಂದದ ಲಾಭ ಅದಕ್ಕೆ ಮಾತ್ರ. ಕ್ಯುಎಸ್ ರ‍್ಯಾಂಕಿಂಗ್ ಬೇರೆ, ಸಂಸ್ಥೆಗಳು ಶುಲ್ಕ ಕಟ್ಟಿ ಮಾಡಿಸಿಕೊಳ್ಳುವ ಕ್ಯುಎಸ್ ಸ್ಟಾರ್ಸ್ ಬೇರೆ.

ಪಾಠ ಹೇಳುವವರು ಯಾರು

ವಿಭಾಗದ ಪುಟ ತೆರೆದು ಶಿಕ್ಷಕರ ಹೆಸರು ಎಣಿಸಿ. ಎಐಸಿಟಿಇ ಹೇಳುವ ಪ್ರಮಾಣ 20 ವಿದ್ಯಾರ್ಥಿಗೆ ಒಬ್ಬರು, ಹಿರಿತನದಲ್ಲಿ ಪ್ರೊಫೆಸರ್, ಅಸೋಸಿಯೇಟ್, ಅಸಿಸ್ಟೆಂಟ್ 1:2:6. ನಾಲ್ಕು ವರ್ಷ ಸೇರಿ 960 ಮಕ್ಕಳಿರುವ ವಿಭಾಗಕ್ಕೆ 48 ಶಿಕ್ಷಕರು ಬೇಕು. ಎಣಿಸಿದಾಗ 29 ಬಂದರೆ ಉಳಿದ ಪಾಠ ಯಾರು ಮಾಡುತ್ತಾರೆ ಎಂದು ಕೇಳುವ ಹಕ್ಕು ನಿಮಗಿದೆ. ಇನ್ನೊಂದು ಉಪಾಯ: ಅದೇ ಪುಟದ ವಿಳಾಸವನ್ನು, ಜಾಲಪುಟಗಳ ಹಳೆಯ ಪ್ರತಿ ತೋರಿಸುವ ವೇಬ್ಯಾಕ್ ಮಷೀನ್‌ ತಾಣದಲ್ಲಿ ಹಾಕಿ ಎರಡು ವರ್ಷದ ಹಿಂದಿನ ಪಟ್ಟಿ ತೆಗೆಯಿರಿ. ಆಗಿನ ಹೆಸರುಗಳಲ್ಲಿ ಅರ್ಧ ಈಗ ಇಲ್ಲದಿದ್ದರೆ ಸಂಬಳ ಸರಿಯಾಗಿ ಆಗುತ್ತಿಲ್ಲ ಅಥವಾ ಕೆಲಸದ ವಾತಾವರಣ ಸರಿಯಿಲ್ಲ. ಎರಡೂ ಕೊನೆಗೆ ತಟ್ಟುವುದು ಮಕ್ಕಳಿಗೇ.

ಹಳೆಯ ವಿದ್ಯಾರ್ಥಿಗಳನ್ನು ಲಿಂಕ್ಡ್‌ಇನ್‌ನಲ್ಲಿ ನೋಡಿ. ವಿಶ್ವವಿದ್ಯಾಲಯದ ಪುಟದ ಹಳೆವಿದ್ಯಾರ್ಥಿ ವಿಭಾಗದಲ್ಲಿ ಬ್ರ್ಯಾಂಚನ್ನೂ, ಪದವಿ ಮುಗಿದು ಎರಡು-ಮೂರು ವರ್ಷ ಆದ ಇಸವಿಯನ್ನೂ ಆರಿಸಿ ಸಾಲಾಗಿ ಮೂವತ್ತು ಜನರನ್ನು ನೋಡಿ. ಇಂಥವರೇ ಎಂದು ಆಯಬೇಡಿ. ಓದಿದ ವಿಷಯದ ಕೆಲಸದಲ್ಲಿ ಎಷ್ಟು ಜನ ಇದ್ದಾರೆ ಎಂದು ಗುರುತು ಹಾಕುತ್ತ ಹೋಗಿ. ಕೆಲಸ ಸಿಗದವರು ಅಲ್ಲಿ ಖಾತೆ ತೆರೆಯುವುದು ಕಡಿಮೆ, ಹಾಗಾಗಿ ಕಂಡದ್ದರಲ್ಲಿ ಸ್ವಲ್ಪ ಕಳೆದುಕೊಳ್ಳಬೇಕು.

ಹೋಗಿ ನೋಡುವುದು

ಅಡ್ಮಿಷನ್ ಕಚೇರಿಯವರು ಕರೆದ ದಿನ ಬೇಡ. ಸೆಮಿಸ್ಟರ್ ನಡೆಯುತ್ತಿರುವಾಗ ವಾರದ ನಡುವೆ ಹೋಗಿ. ಬೆಂಗಳೂರಾದರೆ ಕರಾವಳಿಯವರಿಗೆ ಪಂಚಗಂಗಾ ರೈಲು, ಶಿರಸಿ ಕಡೆಯವರಿಗೆ ರಾತ್ರಿ ಬಸ್ಸು. ಮಧ್ಯಾಹ್ನ ಮೂರರ ಹೊತ್ತಿಗೆ ಲ್ಯಾಬ್ ಬಾಗಿಲಲ್ಲಿ ನಿಂತರೆ ಒಂದು ಯಂತ್ರದ ಮುಂದೆ ಎಷ್ಟು ಮಕ್ಕಳಿದ್ದಾರೆ ಎಂದು ತಿಳಿಯುತ್ತದೆ. ಯಂತ್ರದ ಪಕ್ಕದ ಬಳಕೆ ಪುಸ್ತಕದಲ್ಲಿ ಕೊನೆಯ ದಿನಾಂಕ ಯಾವುದು ನೋಡಿ. ಹೋದ ವರ್ಷದ್ದಾದರೆ ಆ ಯಂತ್ರ ಇರುವುದು ತೋರಿಸಲಿಕ್ಕೆ ಮಾತ್ರ.

ಮಾತಾಡಬೇಕಾದ್ದು ಮೂರನೇ ವರ್ಷದವರ ಹತ್ತಿರ, ಅದೂ ಕ್ಯಾಂಟೀನಿನಲ್ಲಿ. 'ಕಾಲೇಜು ಹೇಗಿದೆ' ಎಂದರೆ 'ಚೆನ್ನಾಗಿದೆ' ಎನ್ನುತ್ತಾರೆ. ಕಳೆದ ಸೆಮಿಸ್ಟರ್ ಗಣಿತಕ್ಕೆ ಎಷ್ಟು ಜನ ಶಿಕ್ಷಕರು ಬದಲಾದರು, ಫಲಿತಾಂಶ ಎಷ್ಟು ವಾರಕ್ಕೆ ಬಂತು, ಕ್ಲಾಸಿನಲ್ಲಿ ಎಷ್ಟು ಜನಕ್ಕೆ ಬ್ಯಾಕ್ ಇದೆ, ಇಂಟರ್ನ್‌ಶಿಪ್ ಯಾರು ಹುಡುಕಿಕೊಟ್ಟರು ಎಂದು ಕೇಳಿ. ಹೋಗುವ ಮುಂಚೆ ನಿಮ್ಮ ಪಿಯು ಕಾಲೇಜಿನ ಉಪನ್ಯಾಸಕರನ್ನು ಕೇಳಿದರೆ, ಅಲ್ಲಿಗೆ ಹೋದ ನಮ್ಮ ಕಡೆಯ ಹುಡುಗ ಹುಡುಗಿಯರು ಸಿಗುತ್ತಾರೆ. ಅಂಕೋಲೆಯ ಹುಡುಗಿ ಇನ್ನೊಬ್ಬ ಅಂಕೋಲೆಯವಳಿಗೆ ಹಾಸ್ಟೆಲಿನ ನೀರು, ಊಟ, ಹುಷಾರು ತಪ್ಪಿದಾಗ ಯಾರು ನೋಡುತ್ತಾರೆ ಎಂಬುದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳುತ್ತಾಳೆ.

ದುಡ್ಡು ಕಟ್ಟುವ ಮುಂಚೆ

ಶ್ರೇಣಿ ನಿಜಕ್ಕೂ ಮುಖ್ಯವಾಗುವ ಒಂದು ಜಾಗ ಬ್ಯಾಂಕು. 2024ರ ನವೆಂಬರ್‌ನಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಅಡಮಾನವಿಲ್ಲದ ಸಾಲ ಸಿಗಬೇಕಾದರೆ ಖಾಸಗಿ ಸಂಸ್ಥೆ ಎನ್‌ಐಆರ್‌ಎಫ್‌ನ ಮೊದಲ ನೂರರೊಳಗಿರಬೇಕು. 101ರಿಂದ 200ರ ರಿಯಾಯಿತಿ ರಾಜ್ಯ ಸರ್ಕಾರದ ಸಂಸ್ಥೆಗಳಿಗೆ ಮಾತ್ರ. ಪಟ್ಟಿ ವರ್ಷವರ್ಷ ಬದಲಾಗುವುದರಿಂದ ನೀವು ಸೇರುವ ವರ್ಷದ್ದನ್ನೇ ಪೋರ್ಟಲ್‌ನಲ್ಲಿ ನೋಡಿ. ಅದರಾಚೆ ಮಾಮೂಲಿ ಶಿಕ್ಷಣ ಸಾಲ. ಏಳೂವರೆ ಲಕ್ಷ ದಾಟಿದರೆ ಅಡಮಾನ ಕೇಳುತ್ತಾರೆ, ನಮ್ಮಲ್ಲಿ ಬಹಳ ಸಲ ಅದು ತೋಟದ ಪಹಣಿ.

ನಾಲ್ಕೂ ವರ್ಷದ ಶುಲ್ಕ, ವರ್ಷಕ್ಕೆ ಎಷ್ಟು ಏರುತ್ತದೆ, ಪರೀಕ್ಷೆ, ತರಬೇತಿ, ಹಾಸ್ಟೆಲ್, ಮೆಸ್ ಎಲ್ಲ ಸೇರಿಸಿ ಲಿಖಿತವಾಗಿ ಪಡೆಯಿರಿ. ರಸೀದಿ ಕೊಡದೆ ಕೇಳುವ ಹಣಕ್ಕೆ ಕರ್ನಾಟಕದಲ್ಲಿ 1984ರಿಂದಲೇ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯಿದೆ ಇದೆ. ಸಿಇಟಿ ಫಲಿತಾಂಶಕ್ಕೂ ಮುಂಚೆ 'ಇವತ್ತೇ ಕಟ್ಟಿದರೆ ಸೀಟು' ಎಂದು ಅವಸರ ಮಾಡುವವರಿಗೆ ಯುಜಿಸಿಯ 2018ರ ಮರುಪಾವತಿ ನಿಯಮ ತೋರಿಸಿ: ಪ್ರವೇಶದ ಕೊನೆಯ ದಿನಾಂಕಕ್ಕೆ 15 ದಿನ ಅಥವಾ ಹೆಚ್ಚು ಮುಂಚೆ ಬಿಟ್ಟರೆ ಪೂರ್ತಿ ಹಣದಲ್ಲಿ ಶೇ 5, ಗರಿಷ್ಠ 5,000 ರೂಪಾಯಿ ಮಾತ್ರ ಕಡಿತ, 15 ದಿನದೊಳಗಾದರೆ ಶೇ 90 ವಾಪಸು, ಕೊನೆಯ ದಿನ ಕಳೆದು 15 ದಿನದವರೆಗೆ ಶೇ 80, 16ರಿಂದ 30ನೇ ದಿನದವರೆಗೆ ಶೇ 50, ನಂತರ ಏನೂ ಇಲ್ಲ. ಕೆಲವು ವರ್ಷ ಯುಜಿಸಿ ಇದಕ್ಕಿಂತ ಉದಾರವಾದ ಸುತ್ತೋಲೆ ಹೊರಡಿಸಿದೆ, ಆ ವರ್ಷದ್ದನ್ನು ನೋಡಿಕೊಳ್ಳಿ. ಅದೇ ನಿಯಮದ ಪ್ರಕಾರ ಮೂಲ ಅಂಕಪಟ್ಟಿಗಳನ್ನು ಸಂಸ್ಥೆ ತನ್ನಲ್ಲೇ ಇಟ್ಟುಕೊಳ್ಳುವಂತಿಲ್ಲ. ಎದುರಿಗೇ ತಾಳೆ ನೋಡಿಸಿ, ದೃಢೀಕರಿಸಿದ ಪ್ರತಿ ಕೊಟ್ಟು, ಮೂಲ ಪ್ರತಿಗಳನ್ನು ಅವತ್ತೇ ಚೀಲಕ್ಕೆ ಹಾಕಿಕೊಂಡು ಹೊರಡಿ.