ಡಿಸ್ನಿಲ್ಯಾಂಡ್‌ನ ನ್ಯೂ ಆರ್ಲಿಯನ್ಸ್ ಪೇಟೆ: ಹಿರಿಯರ ಜೊತೆ ನೋಡುವುದು ಹೇಗೆ?

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಎಷ್ಟೋ ಮನೆಗಳಲ್ಲಿ ಈಗ ಅಡಿಕೆ ಕೊಯ್ಲು ಮುಗಿಯುತ್ತಿದ್ದಂತೆ ಕ್ಯಾಲಿಫೋರ್ನಿಯಾದ ಮಗನ ಮನೆಗೋ ಮಗಳ ಮನೆಗೋ ಹೊರಡುವ ತಯಾರಿ ನಡೆಯುತ್ತದೆ. ಅಲ್ಲಿಗೆ ಹೋದವರನ್ನು ಮಕ್ಕಳು ಒಂದು ದಿನ ಆನಹೈಮ್‌ನ ಡಿಸ್ನಿಲ್ಯಾಂಡಿಗೆ ಕರೆದೊಯ್ಯುತ್ತಾರೆ. ಬೆಳಿಗ್ಗೆಯಿಂದ ರಾತ್ರಿಯವರೆಗೆ ಸಾಲಿನಲ್ಲಿ ನಿಂತು ಕಾಲು ಊದಿಸಿಕೊಂಡು ಬಂದ ಹಿರಿಯರಿಗೆ, ಏನು ನೋಡಿದಿರಿ ಎಂದು ಕೇಳಿದರೆ ಹೇಳಲು ತೋಚುವುದಿಲ್ಲ. ಅಪ್ಪ-ಅಮ್ಮನನ್ನು ಕರೆದೊಯ್ದಾಗ ನಾವು ಅರ್ಧ ದಿನವನ್ನು ಒಂದೇ ಮೂಲೆಗೆ ಮೀಸಲಿಟ್ಟೆವು: ನ್ಯೂ ಆರ್ಲಿಯನ್ಸ್ ಸ್ಕ್ವೇರ್. ಹಿರಿಯರ ಜೊತೆ ಹೋಗುವವರಿಗೆ ನಾನು ಹೇಳುವುದೂ ಇದನ್ನೇ.

ಮೊದಲು ಮೂಲ ಊರನ್ನು ತಿಳಿದುಕೊಳ್ಳಿ

ಇದು ಮಿಸಿಸಿಪ್ಪಿ ನದಿಯ ದಂಡೆಯಲ್ಲಿರುವ ನ್ಯೂ ಆರ್ಲಿಯನ್ಸ್ ನಗರದ ಹಳೇ ಪೇಟೆಯನ್ನು, ಅಂದರೆ ಫ್ರೆಂಚ್ ಕ್ವಾರ್ಟರನ್ನು, ನೋಡಿ ಕಟ್ಟಿದ್ದು. ಆ ಊರನ್ನು 1718ರಲ್ಲಿ ಫ್ರೆಂಚರು ಕಟ್ಟಿದರು. 1788 ಮತ್ತು 1794ರಲ್ಲಿ ಬಿದ್ದ ಬೆಂಕಿಗೆ ಹಳೆಯ ಮನೆಗಳು ಬಹುಪಾಲು ಸುಟ್ಟುಹೋದವು. ಆಗ ಆಳುತ್ತಿದ್ದವರು ಸ್ಪೇನಿನವರು. ಹಾಗಾಗಿ ಹೆಸರು ಫ್ರೆಂಚ್ ಆದರೂ ದಪ್ಪ ಗೋಡೆ, ಕಮಾನು, ಒಳಂಗಳಗಳೆಲ್ಲ ಸ್ಪೇನಿನ ರೀತಿಯವು. ಬೀದಿಯ ಮೇಲೆ ಚಾಚಿದ ಉಪ್ಪರಿಗೆಗಳು, ಅವುಗಳ ಎರಕದ ಕಬ್ಬಿಣದ ಬಳ್ಳಿ ಕುಸುರಿ 19ನೇ ಶತಮಾನದ್ದು. ಚೌಕಿ ಮನೆಯಲ್ಲಿ ಹುಟ್ಟಿ ಬೆಳೆದವರಿಗೆ ಈ ಮನೆಗಳನ್ನು ಬಿಡಿಸಿ ಹೇಳಬೇಕಿಲ್ಲ. ಬೀದಿಗೆ ಗೋಡೆ, ಒಳಗೆ ಆಕಾಶಕ್ಕೆ ತೆರೆದ ಅಂಗಳ. ಅಲ್ಲೂ ಮಳೆ ಜೋರು.

ಮೊಮ್ಮಕ್ಕಳು ಜೊತೆಗಿದ್ದರೆ ಇನ್ನೊಂದು ಸಂಗತಿಯನ್ನೂ ಹೇಳಿ. ಅಂತರ್ಯುದ್ಧಕ್ಕೆ ಮುಂಚೆ ಅಮೆರಿಕದಲ್ಲಿ ಗುಲಾಮರನ್ನು ಮಾರುವ ಅತಿ ದೊಡ್ಡ ಸಂತೆ ಇದ್ದದ್ದು ಆ ಊರಲ್ಲೇ. ಪಾರ್ಕಿನ ಪೇಟೆಯಲ್ಲಿ ಅದರ ಸುಳಿವಿಲ್ಲ. ಅಂದವನ್ನಷ್ಟೇ ಆಯ್ದು ಕಟ್ಟಿದ್ದಾರೆ ಎಂಬುದು ಗೊತ್ತಿದ್ದರೆ ನೋಡುವ ಕಣ್ಣು ಬೇರೆಯಾಗುತ್ತದೆ.

ಈ ಪೇಟೆಯನ್ನು ವಾಲ್ಟ್ ಡಿಸ್ನಿ 1966ರ ಜುಲೈ 24ರಂದು ನ್ಯೂ ಆರ್ಲಿಯನ್ಸ್‌ನ ಮೇಯರ್ ಜೊತೆ ನಿಂತು ಉದ್ಘಾಟಿಸಿದರು. ಅದೇ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಇಲ್ಲಿನ ಎರಡು ದೊಡ್ಡ ಆಕರ್ಷಣೆಗಳು, ಕಡಲ್ಗಳ್ಳರ ದೋಣಿಯಾನ ಮತ್ತು ದೆವ್ವದ ಬಂಗಲೆ, ಜನರಿಗೆ ತೆರೆದದ್ದು ಆಮೇಲೆ, 1967 ಮತ್ತು 1969ರಲ್ಲಿ.

ದಿನ ಮತ್ತು ಟಿಕೆಟ್

ವಿಮಾನ ಇಳಿದ ವಾರದಲ್ಲೇ ಹೋಗಬೇಡಿ. ನಿದ್ದೆ ಸರಿಹೋಗಲಿ. ಟಿಕೆಟ್ ಬೆಲೆ ದಿನದಿಂದ ದಿನಕ್ಕೆ ಬೇರೆ. ವಾರದ ನಡುವಿನ, ಶಾಲೆಗೆ ರಜೆಯಿಲ್ಲದ ದಿನ ನೋಡಿ ಮೊಬೈಲಿನಲ್ಲೇ ಮುಂಗಡ ಕೊಂಡು, ದಿನವನ್ನೂ ಕಾದಿರಿಸಿಕೊಳ್ಳಿ. ಮೂರು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ. ಮಂಡಿ ನೋವಿದ್ದವರು ನಾಚಿಕೊಳ್ಳದೆ ಗಾಲಿಕುರ್ಚಿ ಬಾಡಿಗೆಗೆ ಪಡೆಯಿರಿ.

ಒಳಗೆ ಹೋದ ಮೇಲೆ

ಗೇಟು ತೆರೆಯುವ ಅರ್ಧ ಗಂಟೆ ಮುಂಚೆ ಅಲ್ಲಿರಿ. ಮುಖ್ಯ ಬೀದಿ ದಾಟಿ, ಕೋಟೆಯ ಮುಂದಿನ ವೃತ್ತದಲ್ಲಿ ಎಡಕ್ಕೆ ತಿರುಗಿ, ಅಡ್ವೆಂಚರ್‌ಲ್ಯಾಂಡ್ ಹಾದು ನೇರ ನಡೆದರೆ ಪಾರ್ಕಿನೊಳಗೇ ಮಾಡಿದ ನದಿಯ ಪಕ್ಕ ಈ ಪೇಟೆ ಸಿಗುತ್ತದೆ. ಸಾಲು ಬೆಳೆಯುವ ಮೊದಲೇ ಎರಡೂ ಆಕರ್ಷಣೆಗಳನ್ನು ಮುಗಿಸಿಬಿಡಿ. ಎರಡಕ್ಕೂ ಎತ್ತರದ ಮಿತಿಯಿಲ್ಲ.

ಬಂಗಲೆಯಲ್ಲಿ ಮೊದಲು ಒಂದು ಎಂಟು ಮೂಲೆಯ ಕೋಣೆಗೆ ಬಿಡುತ್ತಾರೆ. ಗೋಡೆ ಉದ್ದವಾಗುತ್ತಾ ಹೋದಂತೆ ಕಾಣುತ್ತದೆ. ನಿಜವಾಗಿ ಇಳಿಯುತ್ತಿರುವುದು ನೀವು. ಆ ಕೋಣೆಯೇ ಒಂದು ಲಿಫ್ಟು. ಪ್ರದರ್ಶನದ ಕಟ್ಟಡ ಪಾರ್ಕಿನ ರೈಲುಹಳಿಯ ಆಚೆಗಿದೆ, ಹಳಿಯ ಅಡಿಯಿಂದ ಜನರನ್ನು ದಾಟಿಸಲು ಮಾಡಿದ ಉಪಾಯವಿದು. ಮುಂದೆ ಚಲಿಸುವ ಪಟ್ಟಿಯ ಮೇಲೆ ಕಾಲಿಟ್ಟು ಗಾಡಿ ಹತ್ತಬೇಕು. ಹಿರಿಯರಿದ್ದಾರೆ ಎಂದು ಸಿಬ್ಬಂದಿಗೆ ಮೊದಲೇ ಹೇಳಿದರೆ ನಿಧಾನ ಮಾಡುತ್ತಾರೆ. ಅಮ್ಮನಿಗೆ ಹಾಗೇ ಮಾಡಿಕೊಟ್ಟರು.

ಕಡಲ್ಗಳ್ಳರ ದೋಣಿ ಸುಮಾರು ಕಾಲು ಗಂಟೆಯದ್ದು. ಕತ್ತಲಲ್ಲಿ ಎರಡು ಕಡೆ ಜಾರುತ್ತದೆ, ಅದೂ ಹಳಿಯ ಅಡಿಗೆ ಹೋಗಲಿಕ್ಕೇ. ಬೆನ್ನು ನೋವಿದ್ದವರು ಯೋಚಿಸಿ ಹತ್ತಿ.

ಆಮೇಲೆ ಸುಮ್ಮನೆ ಅಡ್ಡಾಡಿ. ಕಿರಿದಾದ ಓಣಿಗಳಲ್ಲಿ ಹೆಚ್ಚಿನವರು ಅಂಗಡಿ ನೋಡುತ್ತಾ ಸಾಗುತ್ತಾರೆ. ನೀವು ತಲೆಯೆತ್ತಿ ಉಪ್ಪರಿಗೆ ನೋಡಿ. ಒಂದೊಂದು ಕಟಾಂಜನದ ಕುಸುರಿಯೂ ಬೇರೆ ಬೇರೆ.

ತಿನ್ನಲು ಏನು?

ಪುದಿನದ ಜೂಲೆಪ್ ಎಂಬ ತಂಪು ಪಾನೀಯದಲ್ಲಿ ಇಲ್ಲಿ ಮದ್ಯ ಇರುವುದಿಲ್ಲ, ಧೈರ್ಯವಾಗಿ ಕುಡಿಯಬಹುದು. ಗಂಬೋ ಎಂಬ ಸಾರಿನ ಹೆಸರು ಬಂದದ್ದು ಆಫ್ರಿಕದ ಭಾಷೆಯಲ್ಲಿ ಬೆಂಡೆಕಾಯಿಗಿರುವ ಪದದಿಂದ. ಆದರೆ ಮಾಂಸ, ಸಿಗಡಿ ಹಾಕುವುದು ವಾಡಿಕೆ, ಕೇಳಿಯೇ ತೆಗೆದುಕೊಳ್ಳಿ. ಬೆನ್ಯೇ ಅಂದರೆ ಉಬ್ಬಿದ ಹಿಟ್ಟನ್ನು ಎಣ್ಣೆಯಲ್ಲಿ ಕರಿದು ಸಕ್ಕರೆ ಪುಡಿ ಉದುರಿಸಿದ್ದು, ಇಲ್ಲಿ ಮಿಕ್ಕಿ ಇಲಿಯ ಆಕಾರದಲ್ಲಿ ಸಿಗುತ್ತದೆ. ಅಮ್ಮ ಒಂದು ತುಂಡು ಮುರಿದು, "ಇದು ನಮ್ಮ ಬನ್ಸೇ ಅಲ್ವೇನೋ, ಬಾಳೆಹಣ್ಣು ಹಾಕಿಲ್ಲ ಅಷ್ಟೆ" ಅಂದಳು. ಮೂಲ ಊರಿನಲ್ಲಿ ಇದರ ಜೊತೆ ಕುಡಿಯುವುದು ಚಿಕೋರಿ ಬೆರೆಸಿದ ಕಾಫಿ. ಅಂತರ್ಯುದ್ಧದಲ್ಲಿ ಬಂದರಿಗೆ ದಿಗ್ಬಂಧನ ಬಿದ್ದು ಕಾಫಿಬೀಜ ಸಿಗದಾದಾಗ ಚಿಕೋರಿ ಬಳಕೆ ಅಲ್ಲಿ ಹೆಚ್ಚಿತು, ರುಚಿ ಉಳಿದುಕೊಂಡಿತು.

ಕೊನೆಗೆ ರೈಲು ನಿಲ್ದಾಣ

ಹೊರಡುವಾಗ ಇಲ್ಲಿಂದಲೇ ಉಗಿಬಂಡಿ ಹತ್ತಿದರೆ ಪಾರ್ಕಿಗೆ ಸುತ್ತು ಹಾಕಿ ಮುಖ್ಯದ್ವಾರಕ್ಕೆ ಬಿಡುತ್ತದೆ, ಕಾಲಿಗೆ ಆರಾಮ. ಹತ್ತುವ ಮೊದಲು ಹಳಿಯ ಆಚೆಯ ಪುಟ್ಟ ಕಟ್ಟಡದ ಕಡೆ ಕಿವಿಗೊಡಿ. ತಂತಿ ಯಂತ್ರ ಕಟಕಟ ಅನ್ನುತ್ತಿರುತ್ತದೆ. 1955ರಲ್ಲಿ ಪಾರ್ಕ್ ತೆರೆದ ದಿನ ವಾಲ್ಟ್ ಡಿಸ್ನಿ ಆಡಿದ ಮಾತಿನ ಮೊದಲ ಸಾಲುಗಳು ಅವು.

ನಮ್ಮ ಅಪ್ಪ ತಂತಿ ಕಚೇರಿಯಲ್ಲಿ ದುಡಿದು ನಿವೃತ್ತರಾದವರು. ಸದ್ದು ಕಿವಿಗೆ ಬಿದ್ದದ್ದೇ ನಿಂತುಬಿಟ್ಟರು. ಬಲಗೈ ತೋರುಬೆರಳು ತೊಡೆಯ ಮೇಲೆ ತಾನಾಗಿ ಆಡತೊಡಗಿತು. ಸ್ವಲ್ಪ ಹೊತ್ತಿನ ಮೇಲೆ ಹುಬ್ಬು ಗಂಟಿಕ್ಕಿ, "ಅಕ್ಷರ ಸಿಗ್ತಾ ಇಲ್ಲ" ಅಂದರು. ಅದು ಅಮೆರಿಕದ ಹಳೆಯ ಮೋರ್ಸ್ ಸಂಕೇತ, ಅಂದರೆ ಗಿಡ್ಡ-ಉದ್ದ ಸದ್ದುಗಳಲ್ಲಿ ಅಕ್ಷರ ಕಳಿಸುವ ತಂತಿಯ ಭಾಷೆ. ನಮ್ಮಲ್ಲಿ ಬಳಸುತ್ತಿದ್ದದ್ದು ಅಂತರರಾಷ್ಟ್ರೀಯ ಸಂಕೇತ. ಹಳೆಯದರಲ್ಲಿ ಕೆಲವು ಅಕ್ಷರಗಳ ಒಳಗೇ ಒಂದು ಬಿಡುವು ಬರುತ್ತದೆ. ಅದನ್ನು ಹೇಳಿದ ಮೇಲೆ ಅಪ್ಪ ಕಣ್ಣು ಮುಚ್ಚಿ ಮತ್ತೆ ಕೇಳಿದರು. ಎರಡು ರೈಲು ಬಿಟ್ಟು ಮೂರನೆಯದಕ್ಕೆ ಹತ್ತಿದೆವು. ನಿಮ್ಮ ಮನೆಯಲ್ಲೂ ತಂತಿ ಕಚೇರಿಯವರಿದ್ದರೆ ಈ ನಿಲ್ದಾಣಕ್ಕೆ ಅರ್ಧ ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ.