ಮೊದಲು ಹಲ್ಲು, ಆಮೇಲೆ ಹೊಗೆಸೊಪ್ಪು

ಹೊಗೆಸೊಪ್ಪಿನ ಚಟ ಬಿಡಿಸಬೇಕಾದರೆ ಮೊದಲು ಹುಳುಕು ಹಲ್ಲು ಕೀಳಿಸಬೇಕು ಎಂದು ನಾನು ನಮ್ಮ ಇಲಾಖೆಯ ಮಾಸಿಕ ಸಭೆಯಲ್ಲಿ ಹೇಳಿದಾಗ ನಕ್ಕವರಲ್ಲಿ ಇಬ್ಬರು ಈಗ ಫೋನ್ ಮಾಡಿ ವಿಧಾನ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುವುದಕ್ಕಿಂತ ಒಮ್ಮೆ ಬರೆದುಬಿಡುವುದೇ ಲೇಸು ಎನಿಸಿತು.

ನಾನು ಮೈಸೂರು ಸೀಮೆಯ, ವರ್ಜೀನಿಯಾ ಹೊಗೆಸೊಪ್ಪು ಬೆಳೆಯುವ ತಾಲ್ಲೂಕೊಂದರಲ್ಲಿ ಆರೋಗ್ಯ ನಿರೀಕ್ಷಣಾಧಿಕಾರಿ. ನಮ್ಮ ಹೊಲಗಳ ಸೊಪ್ಪು, ಅದನ್ನು ಒಣಗಿಸುವ ಬಿಸಿ ಗೂಡಾದ ಬ್ಯಾರನ್‌ನಲ್ಲಿ ಬೆಂದು, ಹರಾಜು ಕಟ್ಟೆ ಹತ್ತಿ, ಸಿಗರೇಟಿಗೆ ಹೋಗುತ್ತದೆ. ಅದನ್ನು ನೆಟ್ಟು ಮುರಿಯುವ ಕೂಲಿ ಹೆಂಗಸರ ಸೊಂಟದ ಚೀಲದಲ್ಲಿರುವುದು ಅಂಗಡಿಯಿಂದ ತಂದ ಕಡ್ಡಿಪುಡಿ, ಅಂದರೆ ಜಗಿಯುವ ತಂಬಾಕಿನ ಪುಡಿ. 2016-17ರ ವಯಸ್ಕರ ತಂಬಾಕು ಸಮೀಕ್ಷೆಯಲ್ಲಿ ನಮ್ಮ ರಾಜ್ಯದಲ್ಲಿ ಸೇದುವವರು ಶೇ. 8.8 ಇದ್ದರೆ, ಜಗಿಯುವ, ಒಸಡಿಗೆ ಒತ್ತಿಕೊಳ್ಳುವ ಹೊಗೆರಹಿತ ಬಳಕೆಯವರು ಶೇ. 16.3 ಇದ್ದರು. ಹಾಗಿದ್ದೂ ನಮ್ಮ ಫಲಕಗಳ ಮೇಲೆಲ್ಲ ಇರುವುದು ಅಡ್ಡಗೆರೆ ಎಳೆದ ಸಿಗರೇಟಿನ ಚಿತ್ರವೇ.

ಸೋತ ಕಥೆಯನ್ನು ಮೊದಲು ಹೇಳುತ್ತೇನೆ. ಎಲ್ಲರಂತೆ ನಾನೂ ಮೇ 31ರ ವಿಶ್ವ ತಂಬಾಕುರಹಿತ ದಿನದ ಜಾಥಾಗಳನ್ನು ಮಾಡಿದ್ದೇನೆ. ಜಾಥಾ ಮುಗಿಸಿ ಬಂದ ಹೆಂಗಸರು ಆಸ್ಪತ್ರೆಯ ಜಗಲಿಯಲ್ಲೇ ಕುಳಿತು ಎಲೆಗೆ ಸುಣ್ಣ ಸವರಿದ್ದನ್ನೂ ನೋಡಿದ್ದೇನೆ. ತಂಬಾಕು ನಿಯಂತ್ರಣದ ಕೋಟ್ಪಾ ಕಾಯ್ದೆಯಡಿ ಇನ್ನೂರು ರೂಪಾಯಿಯಂತೆ ದಂಡ ಹಾಕಿ ಒಂದು ತಿಂಗಳಲ್ಲಿ ನಾಲ್ಕು ಸಾವಿರದಷ್ಟು ವಸೂಲಿ ಮಾಡಿದೆವು. ಶಾಲೆಯ ಪಕ್ಕದ ಅಂಗಡಿಯವನು ತಂಬಾಕು ಪೊಟ್ಟಣಗಳ ಸರವನ್ನು ಒಳಗೆ ಅಕ್ಕಿ ಮೂಟೆಯ ಮೇಲೆ ನೇತುಹಾಕಿದನೇ ಹೊರತು ವ್ಯಾಪಾರ ನಿಲ್ಲಿಸಲಿಲ್ಲ. 2013ರಲ್ಲಿ ಗುಟ್ಕಾ ನಿಷೇಧವಾದಾಗ ಪಾನ್ ಮಸಾಲೆ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ, ಜಗಿಯುವವರೇ ಬೆರೆಸಿಕೊಳ್ಳುವಂತಾದದ್ದು ನಿಮಗೆಲ್ಲ ಗೊತ್ತಿರುವುದೇ. ಬಾಯಿ ಕ್ಯಾನ್ಸರಿನ ಚಿತ್ರಗಳನ್ನು ತೋರಿಸಿದ ದಿನ ಹೆಂಗಸರು ಕಣ್ಣೀರಿಟ್ಟರು, ಮರುದಿನ ಚೀಲ ಬಿಚ್ಚಿದರು.

ನನ್ನ ಕಣ್ಣು ತೆರೆಸಿದ್ದು ಕೂಲಿ ಗುಂಪಿನ ಮೇಸ್ತ್ರಿಯಾಗಿದ್ದ ಐವತ್ತರ ಆಸುಪಾಸಿನ ಹೆಂಗಸು. ನನ್ನ ಭಾಷಣವನ್ನು ಪೂರ್ತಿ ಕೇಳಿ, ಕೆನ್ನೆಯನ್ನು ಬೆರಳಿನಿಂದ ಸರಿಸಿ, ಬೇರು ಮಾತ್ರ ಉಳಿದಿದ್ದ ಎರಡು ದವಡೆ ಹಲ್ಲುಗಳನ್ನು ತೋರಿಸಿದಳು. "ಸೊಪ್ಪು ಬುಟ್ರೆ ರಾತ್ರಿ ಈ ನೋವ್ಗೆ ನೀವ್ ಬಂದು ಕೂತ್ಕತೀರಾ ಸಾ?" ಎಂದಳು. ಆಮೇಲೆ ಆಶಾ ಕಾರ್ಯಕರ್ತೆಯೊಂದಿಗೆ ಎರಡು ಗುಂಪುಗಳ ಮೂವತ್ತೆಂಟು ಹೆಂಗಸರ ಬಾಯಿಗೆ ಟಾರ್ಚ್ ಹಿಡಿದೆ. ಇಪ್ಪತ್ತೈದಕ್ಕೂ ಹೆಚ್ಚು ಮಂದಿ ಹುಳುಕು ಹಲ್ಲಿನ ಮೇಲೇ ಪುಡಿ ಒತ್ತುತ್ತಿದ್ದರು. ಅವರ ಪಾಲಿಗೆ ಅದು ಚಟವಾಗುವ ಮೊದಲೇ ಔಷಧಿಯಾಗಿತ್ತು.

ಹಲ್ಲು ಕೀಳಿಸುವುದೇನೋ ಸರಕಾರಿ ಆಸ್ಪತ್ರೆಯಲ್ಲಿ ಸುಲಭ. ಕಷ್ಟವಿದ್ದದ್ದು ದಿನಗೂಲಿ ಕಳೆದುಕೊಂಡು ಅಲ್ಲಿಗೆ ಬರುವುದರಲ್ಲಿ. ನಾಟಿ ಮುಗಿದು ಮೊದಲ ಸೊಪ್ಪು ಮುರಿಯುವ ತನಕ ಕೆಲಸ ತೆಳುವಾಗುವ ಎರಡು ಮೂರು ವಾರಗಳನ್ನು ಹಿಡಿದೆ. ಟೆಂಪೊ ಬಾಡಿಗೆ ಒಂದು ಸಾರಿಗೆ ಸುಮಾರು 1,200 ರೂಪಾಯಿಯಂತೆ ನಾಲ್ಕು ಸಾರಿ. ಊಟಕ್ಕೆ ಗಂಜಿ, ಏಕೆಂದರೆ ಬೇರೇನೂ ಇಳಿಯುವುದಿಲ್ಲ. ಮೇಲಿನ ಕಚೇರಿ ಹಣ ಕೊಡಲು ಒಪ್ಪಲಿಲ್ಲ, "ತಂಬಾಕಿನ ಲೆಕ್ಕಶೀರ್ಷಿಕೆಯಲ್ಲಿ ಹಲ್ಲು ಬರುವುದಿಲ್ಲ" ಎಂದಿತು. ಅರ್ಧವನ್ನು ನಾನು ಹಾಕಿದೆ, ಉಳಿದರ್ಧವನ್ನು ಇಬ್ಬರು ಬೆಳೆಗಾರರಿಂದ ಪಡೆದೆ. ಹೊಗೆಸೊಪ್ಪಿನ ದುಡ್ಡಿನಿಂದಲೇ ಹೊಗೆಸೊಪ್ಪು ಬಿಡಿಸಿದೆನೆಂದು ನನ್ನವಳು ಈಗಲೂ ಹಾಸ್ಯ ಮಾಡುತ್ತಾಳೆ. ಆ ಬೆಳೆಗಾರರನ್ನು ಹೇಗೆ ಒಪ್ಪಿಸಿದೆ ಎಂಬುದನ್ನು ಇಲ್ಲಿ ಬರೆಯಲಾರೆ.

ಹಲ್ಲು ಕಿತ್ತ ಮೇಲೆ ಗಾಯ ಮಾಗುವವರೆಗೆ ತಂಬಾಕು ಮುಟ್ಟಬಾರದೆಂದು ದಂತವೈದ್ಯರೇ ಹೇಳುತ್ತಾರೆ. ನನ್ನ ಇಡೀ ವಿಧಾನ ನಿಂತಿರುವುದು ಆ ಕೆಲವು ದಿನಗಳ ಮೇಲೆ. ಮೈ ಪರಚಿಕೊಳ್ಳುವಂತಾಗುವ ಮೊದಲ ಮೂರು ದಿನಗಳು ಹಲ್ಲಿನ ಗಾಯದ ಹೆಸರಿನಲ್ಲಿ ಕಳೆದುಹೋಗುತ್ತವೆ. ಗುಂಪಿನವರೆಲ್ಲ ಒಂದೇ ವಾರದಲ್ಲಿ ಕೀಳಿಸಿಕೊಂಡರೆ, ಬದುವಿನ ಮೇಲೆ ಚೀಲ ಬಿಚ್ಚಿ ಆಸೆ ಹುಟ್ಟಿಸುವವರೂ ಇರುವುದಿಲ್ಲ.

ತಂಬಾಕಿನ ಆಸೆ ತಗ್ಗಿಸಲು ಅಗಿಯುವ ನಿಕೋಟಿನ್ ಗಮ್ ಬಂದದ್ದು ಅದಾದ ಮೇಲೆ. ಹಿಂದೊಮ್ಮೆ 2 ಮಿಲಿಗ್ರಾಂನದನ್ನು ಒಂದಕ್ಕೆ ಹತ್ತು ರೂಪಾಯಿಯಂತೆ ಕೈಯಿಂದ ಕೊಂಡು ಹಂಚಿ ಕೆಟ್ಟಿದ್ದೆ. ಎಲೆ ಅಡಿಕೆಯಂತೆ ಕಚಕಚನೆ ಅಗಿದು ನುಂಗಿದವರಿಗೆಲ್ಲ ಬಿಕ್ಕಳಿಕೆ, ಎದೆಯುರಿ ಬಂದು, ಉಳಿದದ್ದನ್ನು ಕೋಳಿಗೆಸೆದಿದ್ದರು. ಈ ಸಾರಿ "ನಾಲ್ಕು ಸಾರಿ ಅಗಿದು, ಚುರುಕ್ ಎಂದ ಕೂಡಲೇ ಪುಡಿ ಇಡುವ ಜಾಗದಲ್ಲಿ ಇಟ್ಟು ಸುಮ್ಮನಿರಿ" ಎಂದಷ್ಟೇ ಹೇಳಿದೆ. ದವಡೆಯಲ್ಲಿ ಒತ್ತಿಡುವ ವಿದ್ಯೆಯನ್ನು ಅವರಿಗೆ ನಾನು ಕಲಿಸಬೇಕೇ? ಕಾಫಿ ಕುಡಿದ ಕೂಡಲೇ ಹಾಕಿಕೊಂಡರೆ ಗಮ್ ಹಿಡಿಯುವುದಿಲ್ಲ, ಕಾಲು ಗಂಟೆ ಬಿಡಬೇಕು. ಇದು ನನಗೆ ಎರಡು ವಾರ ತಡವಾಗಿ ತಿಳಿಯಿತು. ಸಂಜೆಯ ಹೊತ್ತಿಗೆ ಚೀಲಕ್ಕೆ ಹುರಿದ ಸೋಂಪು, ಲವಂಗದ ಪುಡಿ ತುಂಬಿಕೊಟ್ಟೆ. ಅದಕ್ಕೆ ಇನ್ನೊಂದು ವಸ್ತುವೂ ಸೇರಬೇಕು. ಅದು ಸದ್ಯಕ್ಕೆ ನನ್ನಲ್ಲಿಯೇ ಇರಲಿ.

ನಡುವೆ ಒಂದು ಅಡ್ಡ ಪ್ರಯೋಗವೂ ಆಯಿತು. ಮಳೆಯಲ್ಲಿ ನೆನೆದ ಸೊಪ್ಪು ಮುರಿಯುವವರಿಗೆ ಚರ್ಮದ ಮೂಲಕವೇ ನಿಕೋಟಿನ್ ಇಳಿದು ತಲೆಸುತ್ತು, ವಾಂತಿ ಬರುತ್ತದೆ. ಹೀಗೆ ಮೈಗೆ ಸೇರುವುದೂ ಹಳೆಯ ಆಸೆಯನ್ನು ಎಬ್ಬಿಸೀತೆಂದು ಹೆದರಿ ಮೂವತ್ತು ಜೊತೆ ರಬ್ಬರ್ ಕೈಗವಸು ಹಂಚಿದೆ. ಸೊಪ್ಪಿನ ಅಂಟಿಗೆ ಕೈಗವಸು ಕಪ್ಪಾಗಿ ಜಾರತೊಡಗಿ, ಮೂರನೆಯ ದಿನಕ್ಕೆ ಅವು ಬೇಲಿಯ ಮೇಲಿದ್ದವು. ಎಂಟುನೂರು ರೂಪಾಯಿ ದಂಡ.

ವರ್ಷದ ಮೇಲೆ ಎಣಿಸಿದಾಗ ಮೂವತ್ತೆಂಟರಲ್ಲಿ ಇಪ್ಪತ್ತೊಂದೋ ಇಪ್ಪತ್ತೆರಡೋ ಮಂದಿ ಪುಡಿ ಮುಟ್ಟಿರಲಿಲ್ಲ. ಜಾಥಾ ಮಾಡಿ ಒಬ್ಬರನ್ನೂ ಬಿಡಿಸದವರು ಈ ಲೆಕ್ಕವನ್ನು ಒಮ್ಮೆ ನೋಡಲಿ. ಮತ್ತೆ ಹಿಡಿದವರಲ್ಲಿ ಹೆಚ್ಚಿನವರು ಮದುವೆ, ತಿಥಿಯ ಎಲೆ ಅಡಿಕೆ ತಟ್ಟೆಯ ಮುಂದೆ ಸೋತವರು. ಅಡಿಕೆಯೇ ಕ್ಯಾನ್ಸರ್‌ಕಾರಕ, ಅದನ್ನೇಕೆ ಬಿಡಿಸಲಿಲ್ಲ ಎಂದು ನಮ್ಮ ವೈದ್ಯಾಧಿಕಾರಿಗಳು ಕೇಳಿದ್ದು ನ್ಯಾಯವೇ; ಎರಡನ್ನೂ ಒಟ್ಟಿಗೆ ಕಿತ್ತುಕೊಂಡಿದ್ದರೆ ನನಗೆ ಒಬ್ಬರೂ ಉಳಿಯುತ್ತಿರಲಿಲ್ಲ ಎಂಬುದು ನನ್ನ ಉತ್ತರ.

ಆ ಮೇಸ್ತ್ರಿ ಈ ವರ್ಷ ಪಕ್ಕದ ಊರಿನ ಗುಂಪನ್ನೂ ಒಪ್ಪಿಸಿದ್ದಾಳೆ. ಹದಿನಾರು ಜನ. ದಂತವೈದ್ಯರು ರಜೆಯಿಂದ ಬರುವುದೊಂದೇ ಬಾಕಿ. ಟೆಂಪೊದವನಿಗೆ ಮುಂಗಡ ಕೊಟ್ಟಾಗಿದೆ.