ಪಾರ್ಲರ್ ಕುರ್ಚಿಯಲ್ಲಿ ಕೇಳಿದ ಪ್ರಶ್ನೆಯೇ ಒಳ್ಳೆಯ ಕ್ಯಾಪ್ಷನ್

ನನ್ನದು ಎರಡು ಕುರ್ಚಿಯ ಪಾರ್ಲರ್. ಕೆಲಸವೂ ನನ್ನದೇ, ಇನ್‌ಸ್ಟಾಗ್ರಾಮ್ ಪೇಜೂ ನನ್ನದೇ. ಮೊದಲೆಲ್ಲ ಫೋಟೊ ಹಾಕಿ, ಕೆಳಗೆ 'ಹೊಸ ಲುಕ್! ಇಂದೇ ಬುಕ್ ಮಾಡಿ' ಅಂತ ಬರೆಯುತ್ತಿದ್ದೆ. ಲೈಕ್ ಬರುತ್ತಿತ್ತು, ಫೋನ್ ಬರುತ್ತಿರಲಿಲ್ಲ.

ಆಮೇಲೆ ಒಂದು ನೋಟ್‌ಬುಕ್ ಇಟ್ಟುಕೊಂಡೆ. ಕೂದಲಿಗೆ ಬಣ್ಣ ಹಚ್ಚಿ ಕಾಯುವ ಹೊತ್ತಿನಲ್ಲಿ ಜನ ಮನಸ್ಸು ಬಿಚ್ಚಿ ಮಾತಾಡುತ್ತಾರೆ. "ಎಷ್ಟು ದಿನ ಇರುತ್ತೆ?" "ಕೂದಲು ಒರಟಾಗಲ್ವಾ?" "ಮಗು ಶಾಲೆಯಿಂದ ಬರೋದರೊಳಗೆ ಮುಗಿಯುತ್ತಾ?" ಇವನ್ನೆಲ್ಲ ಅವರ ಮಾತಿನಲ್ಲೇ ಬರೆದಿಡುತ್ತೇನೆ. ಒಂದು ಪ್ರಶ್ನೆಗೆ ಒಂದು ಕ್ಯಾಪ್ಷನ್. ಅಷ್ಟೇ ನನ್ನ ಪದ್ಧತಿ.

ಒಂದು ಹೇರ್ ಕಲರ್ ಫೋಟೊಗೆ ಹೀಗೆ ಬರೆದಿದ್ದೆ:

"'ನೆರಳಲ್ಲಿ ಕಪ್ಪಾಗೇ ಇರಬೇಕು, ಬಿಸಿಲಿಗೆ ಬಂದಾಗ ಮಾತ್ರ ಕೆಂಪು ಕಾಣಬೇಕು' ಅಂದರು. ಬ್ಲೀಚ್ ಮಾಡಿಲ್ಲ. ಹಚ್ಚಿ, ತೊಳೆದು, ಒಣಗಿಸಲು ಎರಡು ಗಂಟೆ ಹಿಡಿಯಿತು. ಅಲರ್ಜಿ ಆಗುತ್ತಾ ನೋಡಲು ಎರಡು ದಿನ ಮೊದಲೇ ಕಿವಿಯ ಹಿಂದೆ ಸ್ವಲ್ಪ ಬಣ್ಣ ಹಚ್ಚಿ ಪ್ಯಾಚ್ ಟೆಸ್ಟ್ ಮಾಡಿದ್ದೆ. ನಿಮಗೂ ಇಂಥದ್ದು ಬೇಕಾ? ಹಗಲು ಬೆಳಕಲ್ಲಿ ನಿಮ್ಮ ಕೂದಲಿನ ಫೋಟೊ ತೆಗೆದು ಕಳಿಸಿ."

ಮೊದಲ ಸಾಲು ಗ್ರಾಹಕರದ್ದೇ ಮಾತು. ಇನ್‌ಸ್ಟಾಗ್ರಾಮ್‌ನಲ್ಲಿ ಕ್ಯಾಪ್ಷನ್ 2,200 ಅಕ್ಷರದವರೆಗೂ ಬರೆಯಬಹುದು, ಆದರೆ ಮೇಲೆ ಕಾಣುವುದು ಮೊದಲ ಒಂದೆರಡು ಸಾಲು ಮಾತ್ರ. ಉಳಿದದ್ದು 'ಮೋರ್' ಒತ್ತಿದರೆ ಉಂಟು. ಹಾಗಾಗಿ ಪಾರ್ಲರ್ ಹೆಸರು, ಶುಭೋದಯ, ಹೂವಿನ ಎಮೋಜಿ ಇವಕ್ಕೆ ಅಲ್ಲಿ ಜಾಗ ಕೊಡಬೇಡಿ.

ಕೊನೆಯ ಸಾಲು ಇನ್ನೂ ಮುಖ್ಯ. 'ಬುಕ್ ಮಾಡಿ' ಅಂದರೆ ಜನ ಹಿಂಜರಿಯುತ್ತಾರೆ. ಫೋಟೊ ಕಳಿಸುವುದು ಸುಲಭ, ಅಲ್ವಾ? ಕೂದಲು ನೋಡಿದರೆ ನನಗೂ ಸರಿಯಾದ ಉತ್ತರ ಕೊಡಲು ಆಗುತ್ತದೆ.

ಪ್ಯಾಚ್ ಟೆಸ್ಟ್ ವಿಷಯ ಬರೆದರೆ ಜನ ಹೆದರಿ ಓಡುತ್ತಾರೆ ಅಂತ ಕೆಲವರು ಹೇಳಿದ್ದರು. ನಾನು ಒಪ್ಪುವುದಿಲ್ಲ. ಎಷ್ಟೋ ಹೇರ್ ಡೈಗಳಲ್ಲಿರುವ ಪಿಪಿಡಿ ಎಂಬ ರಾಸಾಯನಿಕ ಕೆಲವರಿಗೆ ಜೋರು ಅಲರ್ಜಿ ತರುತ್ತದೆ. 48 ಗಂಟೆ ಮೊದಲು ಪರೀಕ್ಷೆ ಮಾಡುತ್ತೇವೆ ಅಂತ ಓದಿದವರಿಗೆ ಇವರು ಜಾಗ್ರತೆ ಇರುವವರು ಅನ್ನಿಸುತ್ತದೆ.

ಒಂದು ಪದವನ್ನಂತೂ ಪೂರ್ತಿ ಬಿಟ್ಟೆ: 'ಬೆಳ್ಳಗೆ'. ಕಾಲೇಜು ಹುಡುಗಿಯೊಬ್ಬಳು ಹುಬ್ಬಿನ ಥ್ರೆಡಿಂಗ್ ಮುಗಿಸಿ ಏಳುವಾಗ, "ಅಕ್ಕಾ, ನನ್ನ ಬಣ್ಣದವರ ಫೋಟೊ ಹಾಕಲ್ವಾ?" ಅಂತ ಮೆಲ್ಲಗೆ ಕೇಳಿದಳು. ಅವತ್ತು ರಾತ್ರಿ ಕೂತು ಹಳೆಯ ಕ್ಯಾಪ್ಷನ್‌ಗಳನ್ನೆಲ್ಲ ಓದಿ ತಿದ್ದಿದೆ. 'ಕಲೆ ಮಾಯ', 'ಶಾಶ್ವತ' ಕೂಡ ಹೋದವು. ಫೇಶಿಯಲ್ ಮಾಡಿದರೆ ಕೆಲವು ದಿನ ಮುಖ ಹೊಳೆಯುತ್ತದೆ. ಅಷ್ಟನ್ನೇ ಬರೆಯಿರಿ. ಇಲ್ಲದ್ದನ್ನು ನಂಬಿ ಬಂದವರು ಎರಡನೇ ಸಲ ಬರುವುದಿಲ್ಲ.

ಮೊದಲು-ಆಮೇಲೆ ಫೋಟೊಗಳನ್ನು ಒಂದೇ ಕಿಟಕಿಯ ಬೆಳಕಲ್ಲಿ ತೆಗೆಯಿರಿ. ಫಿಲ್ಟರ್ ಹಾಕಿಲ್ಲ ಅಂತ ಕ್ಯಾಪ್ಷನ್‌ನಲ್ಲೇ ಹೇಳಿ. ಫೋಟೊ ಹಾಕುವ ಮುಂಚೆ ಗ್ರಾಹಕರನ್ನು ಕೇಳಿ. ಮುಖ ಬೇಡ ಅಂದರೆ ಕೂದಲಷ್ಟೇ ಇರಲಿ.

ಹ್ಯಾಷ್‌ಟ್ಯಾಗ್ ನಾಲ್ಕೈದು ಸಾಕು: ನಿಮ್ಮ ಊರು, ನೀವು ಮಾಡಿದ ಕೆಲಸ. ಬುಕಿಂಗ್ ಲಿಂಕ್ ಕ್ಯಾಪ್ಷನ್‌ನಲ್ಲಿ ಹಾಕಿದರೆ ಒತ್ತಿದರೂ ತೆರೆಯುವುದಿಲ್ಲ, ಪೇಜಿನ ಮೇಲೆ ನಿಮ್ಮ ಪರಿಚಯ ಬರೆಯುವ ಬಯೋದಲ್ಲಿಡಿ. ಬರೆದದ್ದನ್ನು ಒಮ್ಮೆ ಜೋರಾಗಿ ಓದಿ. ಎದುರಿಗೆ ಕೂತವರಿಗೆ ಹೇಳದ ಮಾತು ಅದರಲ್ಲಿದ್ದರೆ ತೆಗೆದುಬಿಡಿ.

ನಿನ್ನೆ ಒಬ್ಬರು ಕೇಳಿದರು: "ಜೆಲ್ ಪಾಲಿಶ್ ಮನೆಯಲ್ಲೇ ಕಿತ್ತರೆ ಏನಾಗುತ್ತೆ?" ಉಗುರಿನ ಮೇಲ್ಪದರವೂ ಜೊತೆಗೆ ಎದ್ದು ಬರುತ್ತದೆ, ಉಗುರು ತೆಳುವಾಗುತ್ತದೆ. ಈ ವಾರದ ಕ್ಯಾಪ್ಷನ್ ಅದೇ.